ಮನೆಯವರಿಗೆ ದೇವರ ಕರೆ ಬಂದಿದೆಯಂತೆ, ನನಗೆ ಬಂದಿಲ್ಲ

ಮಾಳಮಡ್ಡಿ ಮನೆ

ಎಲ್ಲರಿಗೂ ವಂದನೆ. ನಾವು ಧಾರವಾಡದವರು, ಸಿಎಸ್‌ಐ ಸಭೆಯವರು. ಪ್ರೊಟೆಸ್ಟೆಂಟ್ ಕ್ರೈಸ್ತರು. ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ) ಕುಟುಂಬ. ನಮ್ಮ ಮನೆಯವರಿಗೆ 41 ವರ್ಷ, ಬ್ಯಾಂಕಿನಲ್ಲಿ ಆಫೀಸರ್. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮಕ್ಕಳು ಇಬ್ಬರು, ದೊಡ್ಡವಳು ಬರುವ ವರ್ಷ ಎಸ್ಸೆಸ್ಸೆಲ್ಸಿ. ಮನೆ ಸಾಲ ಇನ್ನೂ ತೀರಿಲ್ಲ. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್.

ಭಕ್ತಿಯನ್ನು ಹೊಸದಾಗಿ ಎಬ್ಬಿಸಲು ನಡೆಸುವ ಉಜ್ಜೀವನ ಕೂಟದ ಕೊನೆಯ ರಾತ್ರಿ ಇವರು ಎದ್ದು ಮುಂದೆ ಹೋಗಿ ಮೊಣಕಾಲೂರಿದರು. ಮನೆಗೆ ಬಂದವರೇ "ದೇವರು ನನ್ನನ್ನು ಸೇವೆಗೆ ಕರೆದಿದ್ದಾರೆ" ಅಂದರು. ಕೆಲಸಕ್ಕೆ ರಾಜೀನಾಮೆ ಕೊಟ್ಟು ದೇವಶಾಸ್ತ್ರ ಓದಬೇಕು, ಆಮೇಲೆ ಸಭಾಪಾಲಕರಾಗಬೇಕು (ಪಾಸ್ಟರ್) ಅನ್ನುವುದು ಅವರ ಆಸೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಡಬ್ಬಿಯಿಂದ ನೋಡದೆ ತೆಗೆದ ವಾಗ್ದಾನದ ಕಾರ್ಡಿನಲ್ಲಿ (ಬೈಬಲ್ ವಚನದ ಚೀಟಿ) ಇವರಿಗೆ ಯೆಶಾಯ 6:8 ಬಂದಿತ್ತು, "ನಾನಿದ್ದೇನೆ, ನನ್ನನ್ನು ಕಳುಹಿಸು" ಅನ್ನುವುದು. ಅದನ್ನು ಬೀರುವಿನ ಕನ್ನಡಿಗೆ ಅಂಟಿಸಿದ್ದಾರೆ. ಅದೇ ಡಬ್ಬಿಯಿಂದ ನಾನು ತೆಗೆದದ್ದು ಕೀರ್ತನೆ 46, ಸುಮ್ಮನಿದ್ದು ನಾನೇ ದೇವರೆಂದು ತಿಳಿದುಕೊಳ್ಳಿರಿ ಅನ್ನುವ ವಚನ. ಅದನ್ನು ಯಾರೂ ಎಲ್ಲೂ ಅಂಟಿಸಿಲ್ಲ.

ನಾನು ಸೇವೆಗೆ ವಿರೋಧಿ ಅಲ್ಲ. ಸಂಡೇ ಸ್ಕೂಲ್ ನಡೆಸುವವಳೇ. ಆದರೆ ಏನು ಕೇಳಿದರೂ "ಪ್ರಾರ್ಥನೆ ಮಾಡು, ನಿನಗೂ ತಿಳಿಯುತ್ತದೆ" ಅಂತಾರೆ. ಮಾಡುತ್ತಲೇ ಇದ್ದೇನೆ, ಏನೂ ತಿಳಿದಿಲ್ಲ. ತಿಳಿದಿಲ್ಲ ಅಂದರೆ ನನ್ನ ವಿಶ್ವಾಸವೇ ಕಡಿಮೆ ಅನ್ನುವ ಹಾಗೆ ನೋಡುತ್ತಾರೆ.

ನನ್ನ ಪ್ರಶ್ನೆ ಇಷ್ಟು. ಪ್ರಾರ್ಥನೆ ಮಾಡಿ ನಿರ್ಧಾರ ತೆಗೆದುಕೊಳ್ಳುವುದು ಅಂದರೆ ನಿಜವಾಗಿ ಹೇಗೆ? "ದೇವರು ಹೇಳಿದರು" ಅಂತ ಒಬ್ಬರು ಹೇಳಿಬಿಟ್ಟ ಮೇಲೆ ಇನ್ನೊಬ್ಬರು ಮಾತಾಡುವುದಕ್ಕೆ ಏನು ಉಳಿಯುತ್ತದೆ?

ಕೆಜಿಎಫ್ ಪೀಟರ್

ಪ್ರೈಸ್ ದ ಲಾರ್ಡ್ ಅಕ್ಕ. ನಿಮ್ಮ ಮನೆಗೆ ಇಂಥ ಆಶೀರ್ವಾದ ಬಂದಿರುವಾಗ ಹೆದರಬೇಡಿ. ನ್ಯಾಯಸ್ಥಾಪಕರು 6 ಓದಿ. ಯುದ್ಧಕ್ಕೆ ಕರೆ ಬಂದ ಗಿದ್ಯೋನ ಕುರಿಯ ತುಪ್ಪಟ ನೆಲಕ್ಕೆ ಹಾಕಿ, ಇಬ್ಬನಿಗೆ ಅದು ಮಾತ್ರ ಒದ್ದೆಯಾಗಲಿ, ನೆಲ ಒಣಗಿರಲಿ ಅಂತ ಗುರುತು ಕೇಳಿದ. ಕೇಳಿದ್ದನ್ನು ದೇವರು ಕೊಟ್ಟರು. ನೀವೂ ಗುರುತು ಕೇಳಿ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ನಮ್ಮಪ್ಪನ ಕೆಲಸ ಹೋಯಿತು. ಬೆಂಗಳೂರಿಗೆ ಹೋಗೋದಾ ಬೇಡವಾ ಅಂತ ಮನೆಯಲ್ಲಿ ಉಪವಾಸ ಮಾಡಿ ಗುರುತು ಕೇಳಿದೆವು. ಆ ವಾರವೇ ಒಬ್ಬರು ಕರೆದು ಕೆಲಸ ಕೊಟ್ಟರು. ದೇವರು ಕರೆದರೆ ಸಾಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಗಂಡನ ಕರೆಗೆ ಅಡ್ಡ ನಿಲ್ಲಬೇಡಿ ಅಕ್ಕ, ದಯವಿಟ್ಟು.

ಬಜಾಲ್ ಫ್ಲಾವಿ

ಪೀಟರ್ ಅವರೇ, ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿಂದ ಓದಿ ನೋಡಿ. ತುಪ್ಪಟ ಹಾಕುವ ಮೊದಲೇ ದೇವರು ಗಿದ್ಯೋನನಿಗೆ "ಹೋಗು" ಅಂತ ಬಿಡಿಸಿ ಹೇಳಿ ಆಗಿತ್ತು. ತುಪ್ಪಟ ಹಾಕಿದ್ದು ಅವನ ಅನುಮಾನಕ್ಕೆ. ಒಮ್ಮೆ ಒದ್ದೆಯಾದದ್ದು ಸಾಲದೆ ಮರುದಿನ ಉಲ್ಟಾ ಕೇಳಿದ. ದೇವರು ಸಹಿಸಿಕೊಂಡರು ಅನ್ನುವುದು ಬೇರೆ, ಹೀಗೆ ಮಾಡಿ ಅಂತ ಹೇಳಿದರು ಅನ್ನುವುದು ಬೇರೆ, ಅಲ್ವಾ?

ಮಾಳಮಡ್ಡಿ ಅಕ್ಕಾ, ನಾನು ಮಂಗಳೂರಿನ ಕಥೋಲಿಕಳು. ಒಂದು ಕಾಲದಲ್ಲಿ ಕನ್ಯಾಸ್ತ್ರೀಯಾಗಿ ಕಾನ್ವೆಂಟ್ ಸೇರುವ ಯೋಚನೆ ಇತ್ತು. ಕಂಕನಾಡಿಯ ಫಾತಿಮಾ ರಿಟ್ರೀಟ್ ಹೌಸ್‌ನಲ್ಲಿ ಧ್ಯಾನಕೂಟಕ್ಕೆ ಹೋದೆ, ಸೇರದೇ ಇರಲು ನಿರ್ಧಾರ ಮಾಡಿ ಬಂದೆ. ಅದು ಜೆಸ್ವಿಟ್ ಅನ್ನುವ ಕಥೋಲಿಕ ಸಂಘದ ಫಾದರ್‌ಗಳ ಮನೆ. ಅವರ ಸಭೆ ಶುರು ಮಾಡಿದ ಸಂತ ಇಗ್ನೇಶಿಯಸ್ ಈ ವಿಷಯದಲ್ಲಿ ತಲೆ ಕೆಡಿಸಿಕೊಂಡಷ್ಟು ಇನ್ನೊಬ್ಬರು ಕೆಡಿಸಿಕೊಂಡಿಲ್ಲ. ಪ್ರೊಟೆಸ್ಟೆಂಟರು ಕೇಳಿದರೂ ನಷ್ಟ ಇಲ್ಲ.

ಆತ ಸೈನಿಕ. 1521ರಲ್ಲಿ ಪಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಊರಿಗೆ ಹೊತ್ತು ತಂದು ಮಲಗಿಸಿದರು. ಓದಲು ಶೂರರ ಕಥೆ ಕೇಳಿದ. ಮನೆಯಲ್ಲಿದ್ದದ್ದು ಕ್ರಿಸ್ತನ ಜೀವನ ಮತ್ತು ಸಂತರ ಕಥೆಗಳು. ಅದನ್ನೇ ಓದಿದ. ಮಲಗಿದಲ್ಲೇ ಎರಡು ರೀತಿಯ ಹಗಲುಗನಸು ಕಾಣುತ್ತಿದ್ದ. ಒಂದರಲ್ಲಿ ದೊಡ್ಡ ಮನೆತನದ ಹೆಣ್ಣಿಗಾಗಿ ಸಾಹಸ ಮಾಡುವುದು. ಇನ್ನೊಂದರಲ್ಲಿ ಸಂತರ ಹಾಗೆ ಬರಿಗಾಲಲ್ಲಿ ಯೆರೂಸಲೇಮಿಗೆ ಹೋಗುವುದು. ಕಾಣುವಾಗ ಎರಡೂ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡು. ಎರಡನೆಯದು ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಅವರ ಇಡೀ ಪದ್ಧತಿ ಹುಟ್ಟಿದ್ದು ಈ ಒಂದು ಗಮನಿಕೆಯಿಂದ. ಆಸೆ ಹುಟ್ಟುವಾಗ ಹೇಗಿತ್ತು ಅನ್ನುವುದಕ್ಕಿಂತ ಆಮೇಲೆ ಏನು ಉಳಿಯಿತು ಅಂತ ನೋಡಬೇಕು.

ಇದರಿಂದ ಬಂದ ಎರಡು ನಿಯಮ ನಿಮಗೆ ಬೇಕಾದವು. ಮನಸ್ಸು ಕುಗ್ಗಿರುವಾಗ, ಬರಡಾಗಿರುವಾಗ, ಮೊದಲು ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು. ಇದು ಹೆಚ್ಚು ಜನರಿಗೆ ಗೊತ್ತು. ಇನ್ನೊಂದು ಅಷ್ಟಾಗಿ ಗೊತ್ತಿಲ್ಲ. ಮನಸ್ಸು ದೇವರಿಂದ ತುಂಬಿ ಉಕ್ಕಿದಾಗಲೂ ಎಚ್ಚರ ಇರಬೇಕು. ಆ ತುಂಬುವಿಕೆ ದೇವರದೇ ಇರಬಹುದು. ಆದರೆ ಅದರ ಬಿಸಿ ಇನ್ನೂ ಆರದಿರುವಾಗ ನಾವು ಹಾಕಿಕೊಳ್ಳುವ ಯೋಜನೆಗಳು ನಮ್ಮವೇ ಆಗಿರಬಹುದು. ಅವನ್ನು ಚೆನ್ನಾಗಿ ಪರೀಕ್ಷಿಸದೆ ಜಾರಿಗೆ ತರಬಾರದು.

ಕೂಟದ ಕೊನೆಯ ರಾತ್ರಿ ಅಂದಿರಿ. ಅದಕ್ಕೇ ಕೇಳುತ್ತಿದ್ದೇನೆ. ಈ ಯೋಚನೆ ಅವರಿಗೆ ಮೊದಲು ಬಂದದ್ದು ಯಾವಾಗ? ಆಗ ಬ್ಯಾಂಕಿನಲ್ಲಿ ಹೇಗಿತ್ತು?

ಲೆಕ್ಕದ ಮೇಷ್ಟ್ರು

ನಾನು ಬೆಂಗಳೂರಿನಲ್ಲಿ ಆಡಿಟ್ ಕೆಲಸ ಮಾಡುವವನು. ಲೂಕ 14:28. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಯೇಸುವೇ ಕೇಳಿದ್ದು. ಲೆಕ್ಕ ಹಾಕುವುದು ಅವಿಶ್ವಾಸ ಅಲ್ಲ.

ಒಂದು ಕೇಳಲೇಬೇಕು. ಮನೆ ಸಾಲ ಬ್ಯಾಂಕಿನ ಸಿಬ್ಬಂದಿಗೆ ಕೊಡುವ ರಿಯಾಯಿತಿ ಬಡ್ಡಿಯದಾ? ಹಾಗಿದ್ದರೆ ರಾಜೀನಾಮೆ ಕೊಟ್ಟ ಮೇಲೆ ಆ ದರ ಉಳಿಯುವುದಿಲ್ಲ. ಸಾಮಾನ್ಯವಾಗಿ ಹೊರಗಿನವರ ಬಡ್ಡಿ ದರಕ್ಕೆ ಬದಲಾಗುತ್ತದೆ, ಕೆಲವು ಕಡೆ ಪೂರ್ತಿ ತೀರಿಸಿ ಅಂತಲೂ ಹೇಳುತ್ತಾರೆ. ಮಂಜೂರಾತಿ ಪತ್ರ ತೆಗೆದು ಓದಿ. ಪಿಎಫ್, ಗ್ರಾಚ್ಯುಟಿ ಎಷ್ಟು ಬರುತ್ತದೆ, ಅತ್ತೆಯವರಿಗೆ ಬ್ಯಾಂಕಿನ ಮೆಡಿಕಲ್ ಸೌಲಭ್ಯ ಇದ್ದರೆ ಅದು ಯಾವತ್ತು ನಿಲ್ಲುತ್ತದೆ, ಇವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಆ ಹಾಳೆಯನ್ನೇ ಮುಂದಿಟ್ಟುಕೊಂಡು ಇಬ್ಬರೂ ಪ್ರಾರ್ಥನೆ ಮಾಡಿ. ಅಂಕಿ ನೋಡಿ ದೇವರು ಹೆದರುವುದಿಲ್ಲ.

ಅಯ್ಯನವರ ಮಗಳು

ಈ ಚರ್ಚೆ ಓದಿ ಸುಮ್ನೆ ಹೋಗಲು ಆಗಲಿಲ್ಲ. ನಾನು ಸಭಾಪಾಲಕರ ಮಗಳು. ಅಪ್ಪನ ಕರೆ ನಿಜ, ಅದರಲ್ಲಿ ನನಗೆ ಅನುಮಾನ ಇಲ್ಲ. ಸಾವಿನ ಮನೆಯಲ್ಲಿ ಅಪ್ಪ ಕೂತರೆ ಅಳುವವರಿಗೆ ಧೈರ್ಯ ಬರುತ್ತಿತ್ತು. ಅದು ಓದಿನಿಂದ ಬರುವಂಥದ್ದಲ್ಲ.

ಆದರೆ ಆ ಕರೆಯ ಅರ್ಧ ಕೆಲಸ ಮಾಡಿದ್ದು ಅಮ್ಮ. ಸಂಬಳ ಬಂದದ್ದು ಅಪ್ಪನಿಗೆ. ಸ್ತ್ರೀ ಸಂಘ ಅಮ್ಮನದು, ಸಂಡೇ ಸ್ಕೂಲ್ ಅಮ್ಮನದು. ಕ್ರಿಸ್ಮಸ್ ತಿಂಗಳು ಕ್ಯಾರಲ್ ಹಾಡುವವರು ಕೊನೆಗೆ ಬರುವುದು ಅಯ್ಯನವರ ಮನೆಗೆ. ರಾತ್ರಿ ಹನ್ನೊಂದಕ್ಕೆ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಯುತ್ತಿತ್ತು, ಅಮ್ಮ ಕಣ್ಣು ಬಿಡಲಾಗದೆ ರೋಸ್ ಕುಕ್ಕಿ ತಟ್ಟೆಗೆ ಹಾಕುತ್ತಿದ್ದಳು. ವರ್ಗವಾದಾಗಲೆಲ್ಲ ನನಗೆ ಹೊಸ ಶಾಲೆ. ಮನೆ ಸಭೆಯದು, ಗೋಡೆಗೆ ಮೊಳೆ ಹೊಡೆಯಲೂ ಕಮಿಟಿಯವರನ್ನು ಕೇಳಬೇಕು. ನಿವೃತ್ತಿಯ ದಿನ ಬಂದಾಗ ಹೋಗಲು ನಮ್ಮದು ಅಂತ ಒಂದು ಮನೆ ಇರಲಿಲ್ಲ.

ಅಮ್ಮನನ್ನು ಯಾರಾದರೂ "ನಿನಗೆ ಕರೆ ಬಂದಿದೆಯಾ" ಅಂತ ಕೇಳಿದ್ದರಾ? ಇಲ್ಲ. ನಿಮ್ಮ ಯಜಮಾನರು ಪಾಲಕರಾದರೆ ನೀವು ಅಮ್ಮನವರು ಆಗುತ್ತೀರಿ. ಆದ್ದರಿಂದ ಇದು ಎರಡು ಕೆಲಸದ ನಿರ್ಧಾರ. ನಿಮಗೆ ಕೇಳಿಸಿಲ್ಲ ಅನ್ನುವುದನ್ನು ಕೊರತೆ ಅಂದುಕೊಳ್ಳಬೇಡಿ.

ಸುಮ್ನೆ ಓದುಗ

ನಾನು ಕ್ರಿಶ್ಚಿಯನ್ ಅಲ್ಲ. ತಪ್ಪು ತಿಳಿಯಬೇಡಿ, ಒಂದು ಕುತೂಹಲ. ನಮ್ಮ ಕಡೆ ಹೊಸ ಕೆಲಸ, ಸಂಬಂಧ, ಏನೇ ಇದ್ದರೂ ದೇವಸ್ಥಾನದಲ್ಲಿ ಪ್ರಸಾದ ಕೇಳುತ್ತಾರೆ. ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಬೇಡ. ನೀವು ಹೇಳುವ ವಾಗ್ದಾನದ ಕಾರ್ಡು ಇದೇ ಥರ ಅಲ್ವಾ?

ಬಜಾಲ್ ಫ್ಲಾವಿ

ಕಾರ್ಡಿನ ವಿಷಯದಲ್ಲಿ ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ, ಹೆಚ್ಚು ವ್ಯತ್ಯಾಸ ಇಲ್ಲ. ಇಗ್ನೇಶಿಯಸರೂ ಒಮ್ಮೆ ಹೀಗೇ ಮಾಡಿದ್ದರು. ಗುಣವಾದ ಮೇಲೆ ಹೇಸರಗತ್ತೆ ಏರಿ ಮೊನ್ಸೆರಾತ್ ಕಡೆ ಹೊರಟಾಗ ದಾರಿಯಲ್ಲಿ ಒಬ್ಬ ಮೂರ್ ಜನಾಂಗದವನ (ಸ್ಪೇನಿನ ಮುಸ್ಲಿಂ ಮೂಲದವನು) ಜೊತೆ ಮಾತೆ ಮರಿಯಮ್ಮನ ವಿಷಯಕ್ಕೆ ವಾದವಾಯಿತು. ಅವನು ಮುಂದೆ ಹೋದ. ಇವರಿಗೆ ಬೆನ್ನಟ್ಟಿ ಇರಿಯಬೇಕು ಅನ್ನುವಷ್ಟು ಸಿಟ್ಟು. ಮಾಡಲೋ ಬೇಡವೋ ತಿಳಿಯಲಿಲ್ಲ. ದಾರಿ ಕವಲಾಗುವಲ್ಲಿ ಲಗಾಮು ಸಡಿಲ ಬಿಟ್ಟು ಪ್ರಾಣಿಗೇ ನಿರ್ಧಾರ ಒಪ್ಪಿಸಿದರು. ಪುಣ್ಯಕ್ಕೆ ಅದು ಆ ಮನುಷ್ಯ ಹೋದ ಊರಿನ ದಾರಿ ಬಿಟ್ಟು ಬೇರೆ ದಾರಿ ಹಿಡಿಯಿತು. ಮುಂದೆ ವಯಸ್ಸಾದ ಮೇಲೆ ಈ ಕಥೆಯನ್ನು ಅವರೇ ಹೇಳಿಕೊಂಡರು, ಆಗ ತನ್ನ ಆತ್ಮ ಎಷ್ಟು ಕುರುಡಾಗಿತ್ತು ಅಂತ ತೋರಿಸಲು. ಅವರು ಬರೆದ ಆತ್ಮಿಕ ಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪ್ ಒಪ್ಪಿಗೆ ಸಿಕ್ಕಿತು. ಅದರಲ್ಲಿ ನಿರ್ಧಾರಕ್ಕೆ ಅಂತ ಒಂದು ಭಾಗವೇ ಇದೆ. ಹೇಸರಗತ್ತೆಯ ವಿಧಾನ ಅದರಲ್ಲಿ ಇಲ್ಲ.

ಬೀದರ್ ಬೋಧಕ

ಚೀಟಿಯ ಮಾತು ಬಂತು, ನಮ್ಮ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರದ್ದೂ ಕೇಳಿ. 1737ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿದ್ದಾಗ ಅವರಿಗೆ ಸೋಫಿ ಹಾಪ್ಕಿ ಎಂಬ ಹುಡುಗಿಯ ಮೇಲೆ ಮನಸ್ಸಾಯಿತು. ಮದುವೆಯಾಗಲೋ ಬೇಡವೋ. ಪ್ರಾರ್ಥನೆ ಮಾಡಿ ಮೂರು ಚೀಟಿ ಬರೆದರು. ಒಂದರಲ್ಲಿ ಮದುವೆಯಾಗು, ಒಂದರಲ್ಲಿ ಈ ವರ್ಷ ಬೇಡ, ಒಂದರಲ್ಲಿ ಇನ್ನು ಆ ಯೋಚನೆಯನ್ನೇ ಬಿಡು. ಬಂದದ್ದು ಮೂರನೆಯದು. ದೇವರ ಚಿತ್ತ ಅಂತ ಒಪ್ಪಿಕೊಂಡರು. ಸ್ವಲ್ಪ ದಿನಕ್ಕೇ ಆಕೆ ಬೇರೆಯವರನ್ನು ಮದುವೆಯಾದಳು. ಕೆಲವು ತಿಂಗಳಲ್ಲಿ ವೆಸ್ಲಿ ಆಕೆಗೆ ಪ್ರಭುಭೋಜನ (ಆರಾಧನೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ದ್ರಾಕ್ಷಾರಸ) ಕೊಡಲು ನಿರಾಕರಿಸಿದರು. ಗಂಡ ಕೋರ್ಟಿಗೆ ಹೋದ. ಆ ವರ್ಷದ ಕೊನೆಗೆ ಅವರು ಊರು ಬಿಟ್ಟೇ ಹೋಗಬೇಕಾಯಿತು. ಕೈ ಚೀಟಿಯನ್ನು ಒಪ್ಪಿತ್ತು, ಮನಸ್ಸು ಒಪ್ಪಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಯೇಸುವಿನ ಅಪೊಸ್ತಲರು ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಲು ಚೀಟಿ ಹಾಕಿದ್ದು ನಿಜ. ಅದು ಪಂಚಾಶತ್ತಮ ಹಬ್ಬಕ್ಕೆ ಮುಂಚೆ. ಪವಿತ್ರಾತ್ಮ ಇಳಿದ ಮೇಲೆ ಅವರು ಚೀಟಿ ಹಾಕಿದ ಸುದ್ದಿ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ ಇಲ್ಲ.

ತಂಗೀ, ಇನ್ನೊಂದು. ಕೆಲಸ ಬಿಡುವುದು ಇಲ್ಲವೇ ಕರೆ ಬಿಡುವುದು, ಎರಡೇ ದಾರಿ ಅಂತ ಯಾಕೆ? ನಾನು ಸರಕಾರಿ ಶಾಲೆ ಮಾಸ್ತರ. ಭಾನುವಾರ ಹಳ್ಳಿ ಸಭೆಗಳಲ್ಲಿ ಬೋಧನೆ ಮಾಡುತ್ತೇನೆ. ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರದ ಸೆನೆಟ್‌ನವರು ಕೆಲಸದಲ್ಲಿದ್ದುಕೊಂಡೇ ಓದುವ ಕ್ರೈಸ್ತ ಅಧ್ಯಯನದ ಕೋರ್ಸು ನಡೆಸುತ್ತಾರೆ. ಮೊದಲು ಅದನ್ನು ಓದಿ ನೋಡಲಿ. ಬೈಬಲಿನ ಮೂಲ ಭಾಷೆ ಹೀಬ್ರೂ, ಗ್ರೀಕು ಆಮೇಲೆ ನೋಡೋಣ.

ಮಾಳಮಡ್ಡಿ ಮನೆ

ಎಲ್ಲರಿಗೂ ಥ್ಯಾಂಕ್ಸ್. ಫ್ಲಾವಿಯವರ ಪ್ರಶ್ನೆ ನನಗೆ ಚುಚ್ಚಿತು. ನಾನೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದೆ. ಇವರನ್ನು ಎರಡು ವರ್ಷದ ಹಿಂದೆ ಬೇರೆ ಶಾಖೆಗೆ ಹಾಕಿದರು. ಅಲ್ಲಿ ದಿನ ಬೆಳಗಾದರೆ ಇನ್ಶೂರೆನ್ಸ್ ಟಾರ್ಗೆಟ್. ಪಿಂಚಣಿ ತೆಗೆಯಲು ಬಂದ ಮುದುಕರಿಗೆ ಪಾಲಿಸಿ ಮಾರಬೇಕು. ರಾತ್ರಿ ನಿದ್ದೆ ಇಲ್ಲ. ಸಭೆಯ ಗಾಯನ ತಂಡದಲ್ಲಿ ಬಾಸ್ ಹಾಡುತ್ತಿದ್ದವರು ಅದನ್ನೂ ಬಿಟ್ಟರು. ಹಾಗಾಗಿ ಇದು ಕರೆಯಲ್ಲ, ಬ್ಯಾಂಕಿನಿಂದ ಓಡಿಹೋಗುವ ದಾರಿ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ನಿನ್ನೆ ಮಕ್ಕಳು ಮಲಗಿದ ಮೇಲೆ ಕೇಳಿದೆ, "ಇದು ಮೊದಲು ಯಾವಾಗ ಅನಿಸಿತು?" ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, 19ರ ವಯಸ್ಸಿನಲ್ಲಿ. ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿಗೆ ಅರ್ಜಿ ತರಿಸಿಕೊಂಡಿದ್ದರಂತೆ. ಮಾವನವರು ಹರಿದು ಹಾಕಿದರಂತೆ, "ಮೊದಲು ತಂಗಿಯರ ಮದುವೆ" ಅಂತ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ.

ಈಗ ನನಗೆ ಗೊಂದಲ ಜಾಸ್ತಿಯಾಗಿದೆ. ಓಡಿಹೋಗುವುದೂ ಹೌದು, ಹಳೆಯದೂ ಹೌದು. ಎರಡೂ ಒಂದೇ ಮನುಷ್ಯನಲ್ಲಿ ಇದ್ದರೆ ಹೇಗೆ ಬಿಡಿಸುವುದು?

ಮೇಷ್ಟ್ರೇ, ಪತ್ರ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಇದೆ. ಕೆಲಸ ಬಿಟ್ಟ ದಿನದಿಂದ ಬಡ್ಡಿ ದರ ಬದಲಾಗುತ್ತದೆ. ಇವರೂ ಅದನ್ನು ಯೋಚಿಸಿರಲಿಲ್ಲ, ಬ್ಯಾಂಕಿನವರೇ ಆಗಿ!

ನಿವೃತ್ತ ಅಯ್ಯ

ತಾಯೀ, ನಾನು ಉತ್ತರ ಕರ್ನಾಟಕದ ಸಭೆಗಳಲ್ಲಿ ಸೇವೆ ಮಾಡಿ ನಿವೃತ್ತನಾದವನು. ನಿನ್ನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ.

ನಮ್ಮಲ್ಲಿ ಕರೆ ಅಂದರೆ ಎರಡು. ಒಂದು ಒಳಗಿನದು, ಅವನಿಗೆ ಮಾತ್ರ ಕೇಳಿಸುವುದು. ಇನ್ನೊಂದು ಹೊರಗಿನದು, ಸಭೆ ಗುರುತಿಸುವುದು. ಎರಡೂ ಕೂಡಿಬರದೆ ಯಾರ ತಲೆಯ ಮೇಲೂ ಕೈ ಇಟ್ಟು ಪಾಲಕರ ದೀಕ್ಷೆ ಕೊಡುವುದಿಲ್ಲ. ಅಪೊಸ್ತಲರ ಕೃತ್ಯಗಳು 13ರಲ್ಲಿ ಬಾರ್ನಬನನ್ನೂ ಸೌಲನನ್ನೂ ಕಳುಹಿಸಲು ಪವಿತ್ರಾತ್ಮ ಹೇಳಿದ್ದು ಒಬ್ಬನ ಕಿವಿಯಲ್ಲಿ ಅಲ್ಲ. ಅಂತಿಯೋಕ್ಯದ ಸಭೆ ಉಪವಾಸವಿದ್ದು ಆರಾಧಿಸುತ್ತಿದ್ದಾಗ. ಮುಂದೆ 15ನೇ ಅಧ್ಯಾಯದಲ್ಲಿ ದೊಡ್ಡ ತೀರ್ಮಾನ ಬರೆದು ಕಳುಹಿಸುವಾಗ ಅವರು ಹಾಕಿದ ಮಾತು ಗಮನಿಸು. ಪವಿತ್ರಾತ್ಮನಿಗೂ ನಮಗೂ ಸರಿ ಕಂಡಿತು ಅಂದರು. ಅದಕ್ಕೂ ಮೊದಲು ಬಹಳ ವಾದ ನಡೆದಿತ್ತು ಅಂತಲೂ ಅದೇ ಅಧ್ಯಾಯ ಹೇಳುತ್ತದೆ. ವಾದ ನಡೆದರೆ ಆತ್ಮ ಓಡಿಹೋಗುವುದಿಲ್ಲ.

ಇನ್ನು ಗಂಡ ಹೆಂಡತಿ. ಪ್ರಾರ್ಥನೆಗಾಗಿ ಸ್ವಲ್ಪ ಕಾಲ ಅಗಲಿರಬೇಕಾದರೂ ಇಬ್ಬರ ಒಪ್ಪಿಗೆ ಇರಬೇಕು ಅಂತ ಪೌಲ 1 ಕೊರಿಂಥ 7ರಲ್ಲಿ ಬರೆಯುತ್ತಾನೆ. ಸ್ವಲ್ಪ ಕಾಲಕ್ಕೇ ಒಪ್ಪಿಗೆ ಬೇಕಾದರೆ ಇಡೀ ಜೀವನಕ್ಕೆ ಬೇಡವೇ? ಯೇಸು ಹುಟ್ಟುವ ವಿಷಯ ಮರಿಯಳಿಗೆ ದೂತ ಬಂದು ಹೇಳಿದ. ಅಲ್ಲಿಗೇ ಬಿಟ್ಟು "ಯೋಸೇಫನಿಗೆ ನೀನೇ ತಿಳಿಸು" ಅನ್ನಲಿಲ್ಲ. ಅವಳ ಗಂಡನಾಗಬೇಕಿದ್ದ ಯೋಸೇಫನಿಗೆ ಬೇರೆ ಕನಸು ಬಂತು. ಅವನು ಎಚ್ಚರವಾಗುವವರೆಗೆ ದೇವರೂ ಕಾದರು. ನಿನ್ನ ಗಂಡನಿಗೂ ಕಾಯಲು ಹೇಳು.

ಬಾಸೆಲ್ ಮಿಶನ್ ಕುಟುಂಬ ಅಂದೆಯಲ್ಲ. ಅವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ನಿಮ್ಮ ಧಾರವಾಡಕ್ಕೆ. ಆ ಕಾಲದಲ್ಲಿ ಮಿಶನರಿಯ ಮದುವೆಗೂ ಬಾಸೆಲ್‌ನ ಸಮಿತಿ ಒಪ್ಪಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಸರಿಯಾಗಿ ಪರಿಚಯವೂ ಇಲ್ಲದ ಗಂಡನ ಬಳಿಗೆ ಹಡಗು ಹತ್ತಿ ಬಂದರು. ಸಮಿತಿ ಹೇಳಿದ್ದೇ ದೇವರ ಚಿತ್ತ ಅಂತ ನಂಬಿದ ಕಾಲ. ಆದರೂ ಆ ಹುಡುಗಿಗೆ ಪತ್ರ ಹೋಗುತ್ತಿತ್ತು, ಆಕೆ ಪ್ರಾರ್ಥಿಸಿ ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಮುಖ ನೋಡದ ಹುಡುಗಿಯನ್ನೂ ಕೇಳುತ್ತಿದ್ದರು. ನೀನು ಅಡುಗೆಮನೆಯಲ್ಲೇ ಇದ್ದೀಯ.

ಕೆಜಿಎಫ್ ಪೀಟರ್

ಅಯ್ಯನವರೇ, ಗೌರವದಿಂದಲೇ ಹೇಳುತ್ತೇನೆ. ಹೀಗೆ ಎಲ್ಲರ ಒಪ್ಪಿಗೆ ಕಾಯುತ್ತಾ ಕೂತಿದ್ದರೆ ಮೀನುಗಾರ ಪೇತ್ರ ಬಲೆ ಬಿಡುತ್ತಿರಲಿಲ್ಲ. ಯೇಸು ಕರೆದರು, ತಕ್ಷಣ ಹೊರಟ.

ನಿವೃತ್ತ ಅಯ್ಯ

ಹೊರಟ ಪೀಟರಪ್ಪಾ, ಹೌದು. ಆದರೆ ಮಾರ್ಕನ ಅದೇ ಮೊದಲ ಅಧ್ಯಾಯದಲ್ಲಿ ಬಲೆ ಬಿಟ್ಟವನು ಸಬ್ಬತ್ ದಿನ ಯೇಸುವನ್ನು ಕರೆದುಕೊಂಡು ಬಂದದ್ದು ತನ್ನ ಮನೆಗೇ. ಅಲ್ಲಿ ಅತ್ತೆ ಜ್ವರದಲ್ಲಿ ಮಲಗಿದ್ದಳು. ಅವಳು ಎದ್ದ ಮೇಲೆ ಮುಂದಿನ ಊರು. ಹೆಂಡತಿಯನ್ನೂ ಅವನು ಆಮೇಲೆ ಜೊತೆಗೆ ಕರೆದುಕೊಂಡು ಓಡಾಡಿದ ಅಂತ 1 ಕೊರಿಂಥ 9ರಿಂದ ತಿಳಿಯುತ್ತದೆ.

ಬಜಾಲ್ ಫ್ಲಾವಿ

ಅಕ್ಕಾ, "ಎರಡೂ ಒಂದೇ ಮನುಷ್ಯನಲ್ಲಿ ಇದ್ದರೆ" ಅಂದಿರಿ. ಎಲ್ಲರಲ್ಲೂ ಎರಡೂ ಇರುತ್ತವೆ. ಬಿಡಿಸಲು ಕೈಪಿಡಿಯಲ್ಲಿ ಒಂದು ದಾರಿ ಇದೆ. ಮನಸ್ಸು ಆ ಕಡೆಗೂ ಈ ಕಡೆಗೂ ಎಳೆಯದೆ ಸಮಾಧಾನವಾಗಿರುವ ದಿನ ನೋಡಿ ಮಾಡಬೇಕು. ಜಗಳವಾಡಿದ ರಾತ್ರಿ ಬೇಡ.

ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ. ಹೋದರೆ ಆಗುವ ಒಳ್ಳೆಯದು, ಹೋದರೆ ಆಗುವ ಕೆಡುಕು. ಉಳಿದರೆ ಆಗುವ ಒಳ್ಳೆಯದು, ಉಳಿದರೆ ಆಗುವ ಕೆಡುಕು. ನಾಲ್ಕೂ ಬೇಕು. ಎರಡೇ ಬರೆದರೆ ನಮಗೆ ಬೇಕಾದದ್ದನ್ನೇ ಬರೆದು ಮುಗಿಸುತ್ತೇವೆ. ಎಣಿಸಿ ಯಾವುದು ಜಾಸ್ತಿ ಅಂತ ನೋಡಬೇಡಿ, ಯಾವುದಕ್ಕೆ ತೂಕ ಇದೆ ಅಂತ ನೋಡಿ. ಆಮೇಲೆ ಮೂರು ಕಲ್ಪನೆ. ಎಂದೂ ಕಂಡಿರದ ಒಬ್ಬ ಮನುಷ್ಯ ಇದೇ ಸಮಸ್ಯೆ ತಂದರೆ ಅವನಿಗೆ ಏನು ಹೇಳುತ್ತೀರಿ? ಸಾಯುವ ಹೊತ್ತಿನಲ್ಲಿ ಯಾವ ನಿರ್ಧಾರ ಮಾಡಿದ್ದರೆ ಚೆನ್ನಾಗಿತ್ತು ಅನಿಸುತ್ತದೆ? ನ್ಯಾಯತೀರ್ಪಿನ ದಿನ? ಕೊನೆಗೆ ಬಂದ ತೀರ್ಮಾನವನ್ನು ಹಿಡಿದುಕೊಂಡು ದೇವರ ಮುಂದೆ ಹೋಗಿ, ಇದು ಸರಿಯಾ ಅಂತ ಮತ್ತೆ ಕೇಳಬೇಕು. ಈ ಕೊನೆಯ ಹಂತವನ್ನು ಜನ ಬಿಟ್ಟುಬಿಡುತ್ತಾರೆ.

ವಯಸ್ಸಿನ ಚಿಂತೆ ಬೇಡ. ಇಗ್ನೇಶಿಯಸ್ 33 ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಪಕ್ಕ ಕೂತು ಲ್ಯಾಟಿನ್ ಕಲಿತರು. ಗುರುದೀಕ್ಷೆ ಆದದ್ದು 1537ರಲ್ಲಿ. ಗುಂಡು ತಗುಲಿ 16 ವರ್ಷದ ಮೇಲೆ.

ಮಾಳಮಡ್ಡಿ ಮನೆ

ಸ್ವಲ್ಪ ದಿನ ಈ ಕಡೆ ಬರಲಾಗಲಿಲ್ಲ. ನಡೆದದ್ದು ಹೇಳುತ್ತೇನೆ.

ಶನಿವಾರ ಮಧ್ಯಾಹ್ನ ಬರೆದೆವು. ಇವರು ವರಾಂಡದಲ್ಲಿ, ನಾನು ಊಟದ ಮೇಜಿನಲ್ಲಿ. ಆಮೇಲೆ ಹಾಳೆ ಅದಲು ಬದಲು ಮಾಡಿಕೊಂಡೆವು. ಇವರ ಹಾಳೆಯಲ್ಲಿ "ಉಳಿದರೆ ಆಗುವ ಕೆಡುಕು" ತುಂಬಿ ಹಿಂದಿನ ಪುಟಕ್ಕೂ ಹೋಗಿತ್ತು. ಎಲ್ಲಾ ಬ್ಯಾಂಕೇ. ಟಾರ್ಗೆಟ್, ಮ್ಯಾನೇಜರ್, ಆ ಮುದುಕರ ಮುಖ. "ಹೋದರೆ ಆಗುವ ಒಳ್ಳೆಯದು" ಅನ್ನುವಲ್ಲಿ ಐದು ಸಾಲು. ಐದೂ ಚೆನ್ನಾಗಿದ್ದವು, ನಿಜವಾಗಿದ್ದವು. ಆದರೆ ನಾಲ್ಕು ಕಾಲಮಿನಲ್ಲಿ ಎಲ್ಲೂ ನನ್ನ ಹೆಸರಿಲ್ಲ. ಅವರ ತಾಯಿಯ ಹೆಸರಿಲ್ಲ. ನಾನು ಬೆರಳಿಟ್ಟು ತೋರಿಸಲಿಲ್ಲ. ಅವರಿಗೇ ಕಂಡಿತು. "ಇದು ಒಬ್ಬಂಟಿ ಬರೆದ ಹಾಳೆ" ಅಂದರು.

ನನ್ನ ಹಾಳೆ ಏನು ದೊಡ್ಡದಲ್ಲ. ಬಹಳಷ್ಟು ಲೆಕ್ಕವೇ. ಆದರೆ "ಹೋದರೆ ಆಗುವ ಒಳ್ಳೆಯದು" ಕೆಳಗೆ ನಾನೇ "ಮತ್ತೆ ಹಾಡಬಹುದು" ಅಂತ ಬರೆದಿದ್ದೆ. ಅದನ್ನು ಓದಿ ಅವರು ಬೀರುವಿನ ಕಾರ್ಡ್ ತೆಗೆದು ಬೈಬಲಿನೊಳಗೆ ಇಟ್ಟರು. "ಇದನ್ನು ನಿನ್ನ ಮೇಲೆ ಪ್ರಯೋಗ ಮಾಡಿದೆ" ಅಂದರು. ನಾನು ಏನೂ ಅನ್ನಲಿಲ್ಲ.

ಗೊತ್ತಿಲ್ಲದ ಮನುಷ್ಯನಿಗೆ ಸಲಹೆ ಕೊಡುವ ಪ್ರಶ್ನೆಗೆ ಇಬ್ಬರದೂ ಒಂದೇ ಉತ್ತರ ಬಂತು: ಮೊದಲು ಆ ಶಾಖೆಯಿಂದ ಹೊರಗೆ ಬಾ, ಆಮೇಲೂ ಕರೆ ಕೇಳಿಸುತ್ತದಾ ನೋಡು. ಹಾಗಾಗಿ ವರ್ಗಕ್ಕೆ ಅರ್ಜಿ ಹಾಕಿದ್ದಾರೆ. ಬೀದರ್ ಅಣ್ಣ ಹೇಳಿದ ಕೋರ್ಸಿಗೆ ವಿಚಾರಿಸಿದ್ದಾರೆ. ನಮ್ಮ ಅಯ್ಯನವರಿಗೆ ಎಲ್ಲ ಹೇಳಿದೆವು. ವಾರಕ್ಕೊಮ್ಮೆ ಆಸ್ಪತ್ರೆ ಭೇಟಿಗೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಾರೆ. ಮಗಳ ಪರೀಕ್ಷೆ ಮುಗಿದ ಮೇಲೆ ಮತ್ತೆ ಹಾಳೆ ಬರೆಯುವುದು ಅಂತ ಮಾತಾಗಿದೆ. ಆಗ ನಾನು ಬೇಡ ಅಂದರೆ ಬೇಡ ಅಂತ ಒಪ್ಪಿದ್ದಾರೆ. ನಾನೂ ಒಂದು ಒಪ್ಪಿದ್ದೇನೆ, ಬೇಡ ಅನ್ನುವುದಾದರೆ ಸಾಲದ ಹೆಸರು ಹೇಳಿ ತಪ್ಪಿಸಿಕೊಳ್ಳಬಾರದು ಅಂತ.

ಕೆಜಿಎಫ್ ಪೀಟರ್

ಅಕ್ಕ, ಬೇಸರ ಮಾಡಬೇಡಿ. ನನಗೆ ಇದು ಮುಂದೂಡಿದ ಹಾಗೆ ಕಾಣುತ್ತದೆ. ದೇವರು ನಿನೆವೆಗೆ ಹೋಗು ಅಂದಾಗ ತಪ್ಪಿಸಿಕೊಳ್ಳಲು ಯೋನನೂ ಬೇರೆ ಹಡಗು ಹತ್ತಿದ. ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ.

ಮಾಳಮಡ್ಡಿ ಮನೆ

ಮಾಡಿ ಅಣ್ಣ, ನಿಜವಾಗಿ ಬೇಕು. ಆದರೆ ಯೋನನಿಗೆ ಹೆಂಡತಿ ಇದ್ದಳೋ ಇಲ್ಲವೋ ಬೈಬಲಿನಲ್ಲಿ ಇಲ್ಲ. ಇದ್ದಿದ್ದರೆ ಆ ಹಡಗಿನ ಟಿಕೆಟ್ ದುಡ್ಡಿನ ವಿಷಯ ಮೊದಲೇ ಕೇಳಿರುತ್ತಿದ್ದಳು.

ಫ್ಲಾವಿಯವರೇ, ಒಂದು ಕೇಳಬೇಕಿತ್ತು. ಆ ಧ್ಯಾನಕೂಟಕ್ಕೆ ನಮ್ಮಂಥ ಸಿಎಸ್‌ಐನವರು ಬರಬಹುದಾ? ಬೇಸಿಗೆ ರಜೆಯಲ್ಲಿ ಇವರನ್ನು ಕಳುಹಿಸುವ ಯೋಚನೆ.

ಬಜಾಲ್ ಫ್ಲಾವಿ

ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ, ಬೇರೆ ಸಭೆಯವರು ಇಂಥ ಧ್ಯಾನಕೂಟಗಳಿಗೆ ಬರುವುದು ಹೊಸದೇನಲ್ಲ. ಪೂಜೆಯಲ್ಲಿ ಕೊಡುವ ಪರಮಪ್ರಸಾದ ಮಾತ್ರ ಕಥೋಲಿಕರಿಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಸಾಧನೆ 30 ದಿನದ್ದು. ಅಷ್ಟು ಬೇಡ, ಎಂಟು ದಿನದ್ದು ಸಾಕು. ಮಾತಾಡುವಂತಿಲ್ಲ, ಮೊಬೈಲ್ ಪಕ್ಕಕ್ಕಿಡಬೇಕು. ದಿನಕ್ಕೊಮ್ಮೆ ಮಾರ್ಗದರ್ಶಕರನ್ನು ಕಾಣಬಹುದು. ಅವರು ಪಾಲಕನಾಗು ಅಂತಲೂ ಹೇಳುವುದಿಲ್ಲ, ಬ್ಯಾಂಕಿನಲ್ಲೇ ಇರು ಅಂತಲೂ ಹೇಳುವುದಿಲ್ಲ. ಯಾವ ಕಡೆಗೂ ದೂಡಬಾರದು ಅಂತ ಕೈಪಿಡಿಯೇ ಅವರಿಗೆ ಕಟ್ಟುನಿಟ್ಟಾಗಿ ಹೇಳಿದೆ.

ಮತ್ತೆ ಇವರನ್ನು ಮಾತ್ರ ಯಾಕೆ ಕಳುಹಿಸುತ್ತೀರಿ? ಅತ್ತೆಯವರನ್ನು ನೋಡಿಕೊಳ್ಳಲು ನಾದಿನಿಯರು ಇದ್ದಾರಲ್ಲ. ನೀವೂ ಹೆಸರು ಕೊಡಿ, ಬೇರೆ ಬೇರೆ ಮಾರ್ಗದರ್ಶಕರು ಬೇಕು ಅಂತ ಹೇಳಿ.

ಮಾಳಮಡ್ಡಿ ಮನೆ

ನಾದಿನಿಗೆ ಈಗಲೇ ಫೋನ್ ಮಾಡುತ್ತೇನೆ. ಇನ್ಸುಲಿನ್ ಚುಚ್ಚಲು ಅವಳಿಗೆ ಕಲಿಸಬೇಕು.